ಸಿಗರೇಟಿನ ತೆರಿಗೆ ಏರಿಸಿದರು ಸರಿ, ಆ ದುಡ್ಡು ನಮ್ಮ ಹೋಬಳಿ ಆಸ್ಪತ್ರೆಗೆ ಬರುತ್ತದಾ?

ತುಂಗೆ ದಡದವ, ತೀರ್ಥಹಳ್ಳಿ:

2026ರ ಫೆಬ್ರವರಿಯಿಂದ ಸಿಗರೇಟಿನ ರೇಟು ಏರಿದ್ದು ಎಲ್ಲರಿಗೂ ಗೊತ್ತು. ನಾನು ಸೇದುವವನಲ್ಲ, ನನ್ನ ಜೇಬಿಗೇನೂ ಪೆಟ್ಟು ಬಿದ್ದಿಲ್ಲ. ಆದರೆ ನಮ್ಮ ಚಾ ಅಂಗಡಿ ಬೆಂಚಿನ ಮೇಲೆ ಈಗ ಇದೇ ಪಂಚಾಯಿತಿ. ಒಬ್ಬರು ಜನ ಸೇದುವುದು ಕಮ್ಮಿ ಮಾಡಲಿ ಅಂತ ಏರಿಸಿದ್ದಾರೆ, ಒಳ್ಳೆಯದೇ ಆಯಿತು ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಸುಳ್ಳು ಮಾರಾಯ, ಸರ್ಕಾರಕ್ಕೆ ದುಡ್ಡು ಬೇಕಿತ್ತು, ಆರೋಗ್ಯ ಅನ್ನುವುದು ನೆಪ ಅನ್ನುತ್ತಾರೆ.

ನನಗೆ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ತಂಬಾಕಿನಿಂದ ಬರುವ ತೆರಿಗೆಯನ್ನು ಆಸ್ಪತ್ರೆಗೆ ಅಂತಲೇ ಎತ್ತಿಡಬೇಕು ಅಂತ ಒಂದು ಕಾನೂನು ಯಾಕೆ ಇಲ್ಲ? ನಮ್ಮ ಕಡೆ ಪರಿಸ್ಥಿತಿ ನಿಮಗೆ ಗೊತ್ತಲ್ಲ. ಜ್ವರ ನೆಗಡಿಗೆ ಪಿಎಚ್‌ಸಿ ಇದೆ, ಸ್ಕ್ಯಾನಿಂಗ್ ಬೇಕು ಅಂದರೆ ಶಿವಮೊಗ್ಗಕ್ಕೆ ಹೋಗಬೇಕು, ಕ್ಯಾನ್ಸರ್ ಅಂದರೆ ಬೆಂಗಳೂರಿಗೋ ಮಣಿಪಾಲಕ್ಕೋ ಬಸ್ಸು ಹತ್ತಬೇಕು, ಅದರಲ್ಲೂ ಮಳೆಗಾಲದಲ್ಲಿ ಆಗುಂಬೆ ಘಾಟಿ ಮುಚ್ಚಿದರೆ ಮಣಿಪಾಲಕ್ಕೂ ಸುತ್ತು ಹಾಕಿಕೊಂಡು ಹೋಗಬೇಕು. ಸೇದುವವನು ಕಟ್ಟಿದ ತೆರಿಗೆ ಅವನ ಚಿಕಿತ್ಸೆಗಾದರೂ ಬರಲಿ ಅನ್ನುವುದು ನ್ಯಾಯ ಅಲ್ವಾ?

ಇನ್ನೊಂದು ಅನುಮಾನ. ಸಿಗರೇಟು ದುಬಾರಿಯಾದರೆ ಜನ ಬಿಡುತ್ತಾರಾ, ಇಲ್ಲಾ ಬೀಡಿಗೆ ಇಳಿಯುತ್ತಾರಾ? ಗೊತ್ತಿದ್ದವರು ಹೇಳಿ. ರಾಜಕೀಯದ ಜಗಳ ಬೇಡ, ಲೆಕ್ಕ ಬೇಕು.

ಲೆಕ್ಕದ ಪುಸ್ತಕ, ಶಿವಮೊಗ್ಗ:

ಲೆಕ್ಕ ಕೇಳಿದ್ದೀರಿ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಫೆಬ್ರವರಿ 1ಕ್ಕೆ ಆದದ್ದು ಏನು ಅಂತ ನೋಡೋಣ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಸಿಗರೇಟಿಗೆ ಶೇ. 28 ಜಿಎಸ್‌ಟಿ, ಅದರ ಮೇಲೆ ಪರಿಹಾರ ಸೆಸ್ (ಜಿಎಸ್‌ಟಿಯಿಂದ ರಾಜ್ಯಗಳಿಗೆ ಆಗುವ ನಷ್ಟ ತುಂಬಲು ಹಾಕಿದ ಹೆಚ್ಚುವರಿ ತೆರಿಗೆ) ಇತ್ತು. ಜೊತೆಗೆ ಇನ್ನೂ ಸಣ್ಣಪುಟ್ಟ ಸುಂಕ. ಈಗ ಆ ಪರಿಹಾರ ಸೆಸ್ ಹೋಗಿದೆ. ಜಿಎಸ್‌ಟಿ ಶೇ. 40 ಆಗಿದೆ. ಅದರ ಮೇಲೆ ಕೇಂದ್ರ ಅಬಕಾರಿ ಸುಂಕ ಬಂದಿದೆ. ಸಿಗರೇಟಿನ ಉದ್ದ ಎಷ್ಟು, ಫಿಲ್ಟರ್ ಇದೆಯಾ ಇಲ್ಲವಾ ಅನ್ನುವುದರ ಮೇಲೆ ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ. ಅಂದರೆ ಒಂದು ಸಿಗರೇಟಿನಲ್ಲಿ ಈ ಸುಂಕವೊಂದೇ ಎರಡು ರೂಪಾಯಿಂದ ಎಂಟೂವರೆ ರೂಪಾಯಿ.

ಇನ್ನು ದುಡ್ಡು ಎಲ್ಲಿಗೆ ಹೋಗುತ್ತದೆ? ಜಿಎಸ್‌ಟಿಯಲ್ಲಿ ಅರ್ಧ ರಾಜ್ಯಕ್ಕೆ ಬರುತ್ತದೆ. ತೀರ್ಥಹಳ್ಳಿಯಲ್ಲಿ ಸೇದಿದ ಸಿಗರೇಟಿನ ರಾಜ್ಯ ಪಾಲು ಕರ್ನಾಟಕಕ್ಕೇ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಅಬಕಾರಿ ಸುಂಕ ಮೊದಲು ಕೇಂದ್ರಕ್ಕೆ ಹೋಗುತ್ತದೆ. ಅದು ರಾಜ್ಯಗಳ ಜೊತೆ ಹಂಚಿಕೊಳ್ಳುವ ಗಂಟಿಗೆ ಸೇರುತ್ತದೆ, ಆ ಗಂಟಿನಲ್ಲಿ ಶೇ. 41 ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕದ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಒಂದು ಸಿಗರೇಟಿಗೆ ಐದು ರೂಪಾಯಿ ಸುಂಕ ಅಂದುಕೊಳ್ಳಿ, ನಮ್ಮ ರಾಜ್ಯಕ್ಕೆ ಬರುವುದು ಹತ್ತು ಪೈಸೆಗಿಂತ ಕಮ್ಮಿ.

ಆ ಹತ್ತು ಪೈಸೆ, ಆ ಜಿಎಸ್‌ಟಿ ಪಾಲು ಎರಡೂ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಎಲ್ಲ ಆದಾಯ ಸೇರುವ ಒಂದೇ ಗಂಟಿಗೆ ಬೀಳುತ್ತವೆ. ಅಲ್ಲಿ ಬಿದ್ದ ಮೇಲೆ ಅದು ಸಿಗರೇಟಿನ ದುಡ್ಡಾ, ಸೋಪಿನ ದುಡ್ಡಾ ಅಂತ ಗುರುತು ಇರುವುದಿಲ್ಲ. ರಸ್ತೆಗೂ ಹೋಗಬಹುದು, ಸಂಬಳಕ್ಕೂ ಹೋಗಬಹುದು, ಆಸ್ಪತ್ರೆಗೂ ಹೋಗಬಹುದು. ರಾಜ್ಯ ಸರ್ಕಾರವೇ ಸಿಗರೇಟಿಗೆ ತನ್ನದೊಂದು ಆರೋಗ್ಯ ತೆರಿಗೆ ಹಾಕಲಿ ಅಂದರೆ, ಜಿಎಸ್‌ಟಿ ಬಂದಾಗಲೇ ವ್ಯಾಟ್ ಹಾಕುವ ಅಧಿಕಾರ ಹೋಯಿತು. ರಾಜ್ಯದ ಕೈಯಲ್ಲಿ ಉಳಿದಿರುವುದು ಕುಡಿಯುವ ಮದ್ಯ, ಪೆಟ್ರೋಲು, ಡೀಸೆಲ್ಲು.

ಎತ್ತಿಡುವ ಕಾನೂನು ಬೇಕು ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸಲಿಕ್ಕಿಲ್ಲ. ಸೆಸ್ ಅಂದರೆ ಎತ್ತಿಡುವ ದುಡ್ಡು ಅಂತಲೇ ಅರ್ಥ. 2018ರಿಂದ ಆದಾಯ ತೆರಿಗೆಯ ಮೇಲೆ ಶೇ. 4 ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ಟುತ್ತಿದ್ದೇವೆ. ಅದರಲ್ಲಿ ಆರೋಗ್ಯದ ಪಾಲಿಗೆ ಅಂತ ಪ್ರತ್ಯೇಕ ನಿಧಿ ಮಾಡಲು ಕೇಂದ್ರ ಸಂಪುಟ ಒಪ್ಪಿದ್ದು 2021ರಲ್ಲಿ. ಅಲ್ಲಿಯವರೆಗೆ? 2018-19ರಲ್ಲಿ ನಾನಾ ಸೆಸ್‌ಗಳಿಂದ ಬಂದ ಸುಮಾರು 2.75 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.1 ಲಕ್ಷ ಕೋಟಿ ಆಯಾ ನಿಧಿಗೆ ಹೋಗದೆ ಸಂಚಿತ ನಿಧಿಯಲ್ಲೇ ಉಳಿಯಿತು ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿಯೇ ಹೇಳಿದೆ. ಮೇಲಾಗಿ ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕು ಅಂತ ಇಲ್ಲ. ಹಾಗಾಗಿ "ಆರೋಗ್ಯಕ್ಕೆ" ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ನಿಮ್ಮ ಹೋಬಳಿಗೆ ಡಾಕ್ಟರು ಬರುವುದಿಲ್ಲ.

ಗೂಡಂಗಡಿ, ರಿಪ್ಪನ್‌ಪೇಟೆ:

ಲೆಕ್ಕದ ಸಾರ್ ಹೇಳಿದ್ದು ಚೆನ್ನಾಗಿದೆ. ನಾನು ಗಲ್ಲಾದ ಮುಂದೆ ಕೂತು ಕಂಡದ್ದು ಹೇಳುತ್ತೇನೆ.

ರೇಟು ಏರಿದ ಮೊದಲ ವಾರ ಎಲ್ಲರೂ ನನಗೇ ಬೈದರು, ನಾನೇ ತೆರಿಗೆ ಹಾಕಿದವನ ಹಾಗೆ. ಆಮೇಲೆ ಮೂರು ತರಹ ಜನ ಕಾಣಿಸಿದರು. ಕಾಲೇಜು ಹುಡುಗರು ಒಂದು ಸಿಗರೇಟನ್ನು ಇಬ್ಬರು ಹಂಚಿಕೊಳ್ಳಲು ಶುರು ಮಾಡಿದರು. ಸಂಬಳ ಬರುವ ನೌಕರರು ಅದೇ ಬ್ರ್ಯಾಂಡು, ಅದೇ ಲೆಕ್ಕ, ಏನೂ ಬದಲಿಲ್ಲ. ತೋಟದ ಕೆಲಸಕ್ಕೆ, ಗಾರೆ ಕೆಲಸಕ್ಕೆ ಹೋಗುವವರಲ್ಲಿ ಜಾಸ್ತಿ ಜನ ಮೊದಲೇ ಬೀಡಿಯವರು, ಮಧ್ಯೆ ಸಿಗರೇಟಿಗೆ ಏರಿದ್ದ ಕೆಲವರು ಬೀಡಿಗೇ ವಾಪಸ್ಸು. ಪೂರ್ತಿ ಬಿಟ್ಟವರು ಇಲ್ಲ ಅಂತ ಹೇಳುವುದಿಲ್ಲ, ಇದ್ದಾರೆ, ಆದರೆ ಬಿಟ್ಟವನು ಅಂಗಡಿಗೇ ಬರುವುದಿಲ್ಲವಲ್ಲ, ನನಗೆ ಎಲ್ಲಿಂದ ಗೊತ್ತಾಗಬೇಕು.

ಬಿಡಿ ಸಿಗರೇಟು ಮಾರಬಾರದು ಅಂತ ಕಾನೂನು ಇದೆ. 21 ವರ್ಷದ ಒಳಗಿನವರಿಗೆ ಕೊಡಬಾರದು, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರಬಾರದು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ. ಎಲ್ಲ ಸರಿ. ಆದರೆ ಪ್ಯಾಕೇ ಕೊಡಬೇಕು ಅಂದರೆ ನಮ್ಮೂರಲ್ಲಿ ಎಷ್ಟು ಜನ ಪ್ಯಾಕು ತೆಗೆದುಕೊಳ್ಳುತ್ತಾರೆ? ಎಲ್ಲ ಅಂಗಡಿಯಲ್ಲೂ ಒಂದೊಂದೇ ಹೋಗುವುದು, ಸುಮ್ನೆ ಮುಚ್ಚಿಟ್ಟು ಏನು ಪ್ರಯೋಜನ. ತೆರಿಗೆ ಏರಿಸಿದ್ದರ ಬಿಸಿ ಅರ್ಧ ಅಲ್ಲೇ ಆರಿಹೋಗುತ್ತದೆ. ಪ್ಯಾಕಿಗೆ ನೂರೈವತ್ತೋ ಇನ್ನೂರೋ ಒಟ್ಟಿಗೆ ಎಣಿಸಿ ಕೊಡುವಾಗ ಕೈ ಹಿಂದೆ ಮುಂದೆ ನೋಡುತ್ತದೆ, ಒಂದಕ್ಕೆ ಚಿಲ್ಲರೆ ಕೊಡುವಾಗ ನೋಡುವುದಿಲ್ಲ.

ಇನ್ನೊಂದು ಯಾರೂ ಹೇಳುವುದಿಲ್ಲ. ರೇಟು ಏರಿದ ಕೂಡಲೇ ಹೆಸರೇ ಕೇಳದ ಫಾರಿನ್ ಸಿಗರೇಟು ಇಟ್ಟುಕೊಳ್ಳಿ ಅಂತ ಬೈಕಿನಲ್ಲಿ ಬರುವವರು ಜಾಸ್ತಿ ಆಗುತ್ತಾರೆ. ಪ್ಯಾಕಿನ ಮೇಲೆ ಎಚ್ಚರಿಕೆ ಚಿತ್ರ ಇಲ್ಲ, ಬಿಲ್ಲು ಇಲ್ಲ, ತೆರಿಗೆಯಂತೂ ಇಲ್ಲವೇ ಇಲ್ಲ. ನಾನು ಇಡುವುದಿಲ್ಲ. ಇಡುವವರು ಇದ್ದಾರೆ.

ಒಂದು ಊರಿನ ಆರೋಗ್ಯ ಕಾರ್ಯಕರ್ತೆ, ಹೊಸನಗರ ಕಡೆ:

ಎಲ್ಲರೂ ಸಿಗರೇಟು ಸಿಗರೇಟು ಅಂತಿದ್ದೀರಿ. ನಾನು ಮನೆ ಮನೆಗೆ ಹೋಗುವವಳು. ನಮ್ಮ ಮಲೆನಾಡಿನಲ್ಲಿ ತಂಬಾಕು ಅಂದರೆ ಮುಖ್ಯವಾಗಿ ಕವಳ (ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ), ಗುಟ್ಕಾ, ಬೀಡಿ. ಸಿಗರೇಟು ನಾಲ್ಕನೆಯದು.

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ನೂರು ವಯಸ್ಕರಲ್ಲಿ ಸುಮಾರು 23 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು 9ರ ಹತ್ತಿರ, ಬಾಯಿಗೆ ಹಾಕುವವರು 16, ಕೆಲವರು ಎರಡೂ. ಸೇದುವವರಲ್ಲೂ ಬೀಡಿಯವರು ಬೇರೆ. ಹಾಗಾಗಿ ಸಿಗರೇಟಿಗೆ ಎಷ್ಟೇ ತೆರಿಗೆ ಜಡಿದರೂ ನಾನು ದಿನಾ ನೋಡುವ ಮಂದಿಯನ್ನು ಅದು ಮುಟ್ಟುವುದೇ ಇಲ್ಲ. ಕವಳದ ತಟ್ಟೆ ಮುಂದಿಟ್ಟುಕೊಂಡು ಕೂತ ಅಜ್ಜಿಗೆ ಜಿಎಸ್‌ಟಿ ಅಂದರೆ ಏನು? ಎಲೆ ಹಿತ್ತಲದ್ದು, ಅಡಿಕೆ ತೋಟದ್ದು, ಸುಣ್ಣ ಡಬ್ಬಿಯಲ್ಲಿದೆ, ಹೊಗೆಸೊಪ್ಪು ಸಂತೆಯಲ್ಲಿ ಬಿಲ್ಲಿಲ್ಲದೆ ಬಂದದ್ದು.

ಬೀಡಿ ವಿಷಯ ಕೇಳಿದರೆ ಸಿಟ್ಟು ಬರುತ್ತದೆ. ಸಿಗರೇಟಿಗೆ ಶೇ. 40 ಮಾಡಿದ ಅದೇ ಜಿಎಸ್‌ಟಿ ಕೌನ್ಸಿಲ್ಲು ಬೀಡಿಗೆ ಇದ್ದ 28ನ್ನು 18ಕ್ಕೆ ಇಳಿಸಿತು. ಬೀಡಿ ಎಲೆಗೆ 18 ಇದ್ದದ್ದು 5 ಆಯಿತು. ಪರಿಹಾರ ಸೆಸ್ ಅಂತೂ ಬೀಡಿಗೆ ಯಾವತ್ತೂ ಇರಲಿಲ್ಲ. ಬೀಡಿಯ ಹೊಗೆಗೆ ಶ್ವಾಸಕೋಶದ ಮೇಲೆ ಕರುಣೆ ಇದೆಯಾ? ಮಾರುವ ಬೆಲೆಯಲ್ಲಿ ಶೇ. 75 ತೆರಿಗೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಎಲ್ಲ ತಂಬಾಕಿಗೂ ಸೇರಿ. ಬೀಡಿ ಅದರ ಹತ್ತಿರವೂ ಇಲ್ಲ.

ಆದರೂ ತೆರಿಗೆ ವ್ಯರ್ಥ ಅಂತ ನಾನು ಹೇಳುವುದಿಲ್ಲ. ನಮ್ಮಂತಹ ದೇಶಗಳಲ್ಲಿ ಬೆಲೆ ಶೇ. 10 ಏರಿದರೆ ಬಳಕೆ ಸುಮಾರು ಶೇ. 5 ಇಳಿಯುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಳಿಯುವುದು ಹೆಚ್ಚು ಬಡವರಲ್ಲಿ, ಹುಡುಗರಲ್ಲಿ. ನನಗೆ ಬೇಕಾದದ್ದು ಅದೇ. ಗೂಡಂಗಡಿ ಅಣ್ಣ ಹೇಳಿದ ಒಂದನ್ನು ಇಬ್ಬರು ಸೇದುವ ಹುಡುಗರು ಇದ್ದಾರಲ್ಲ, ಅದನ್ನು ಕೇಳಿ ನನಗೆ ಖುಷಿಯೇ ಆಯಿತು. ದುಡ್ಡು ಡೆಲ್ಲಿಗೆ ಹೋದರೂ ಅಷ್ಟು ಹೊಗೆ ಇವರ ಒಳಗೆ ಹೋಗಲಿಲ್ಲ, ಅದು ಲಾಭವೇ.

ಕೆಲಸದ ಮಾತಿಗೆ ಬರುತ್ತೇನೆ. 30 ದಾಟಿದವರಿಗೆ ಬಿಪಿ, ಶುಗರ್ ಜೊತೆ ಬಾಯಿ ಕ್ಯಾನ್ಸರ್ ತಪಾಸಣೆಯೂ ನಮ್ಮ ಕೆಲಸ. ಟಾರ್ಚು ಹಿಡಿದು ಬಾಯಿ ತೆರೆಸಿ ನೋಡುತ್ತೇವೆ. ಬಿಳಿ ಮಚ್ಚೆ ಇದೆಯಾ, ಕೆಂಪು ಮಚ್ಚೆ ಇದೆಯಾ, ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತದಾ. ಗುಟ್ಕಾ ಹಾಕುವ ಎಷ್ಟೋ ಗಂಡಸರಿಗೆ ಎರಡು ಬೆರಳು ಕೂಡ ಹೋಗುವುದಿಲ್ಲ. ವಯಸ್ಸು ಮೂವತ್ತೈದು ಕೂಡ ಆಗಿರುವುದಿಲ್ಲ. ಖಾರ ತಿನ್ನಲು ಆಗುವುದಿಲ್ಲ ಅಕ್ಕ, ಬೇರೇನೂ ತೊಂದರೆ ಇಲ್ಲ ಅನ್ನುತ್ತಾರೆ. ಕಂಡುಹಿಡಿದ ಮೇಲೆ ಮುಂದೆ ಕಳಿಸಬೇಕು. ಅಲ್ಲಿಂದ ಶುರು ಕಷ್ಟ. ದಂತ ವೈದ್ಯರು ಇರುವ ದಿನ ನೋಡಿಕೊಂಡು ಹೋಗಬೇಕು, ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಬಯಾಪ್ಸಿ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ನಿಜ. ಆದರೆ ಬಸ್ ಚಾರ್ಜು, ಜೊತೆಗೆ ಹೋದವರ ಊಟ, ಕಳೆದುಕೊಂಡ ಕೂಲಿ ಕಾರ್ಡಿನಲ್ಲಿ ಇಲ್ಲ. ಅರ್ಧ ಜನ ಮಧ್ಯದಲ್ಲೇ ಕಾಣೆಯಾಗುತ್ತಾರೆ. ತಂಬಾಕಿನ ದುಡ್ಡಿನಲ್ಲಿ ಏನಾದರೂ ಎತ್ತಿಡುವುದಾದರೆ ದೊಡ್ಡ ಕಟ್ಟಡಕ್ಕೆ ಬೇಡ, ಈ ಮಧ್ಯದ ದಾರಿಗೆ ಇಡಲಿ.

ಗೊರಬಲು, ಸಾಗರ:

ಅಕ್ಕ ಕವಳದ ಮಾತು ತೆಗೆದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಅಡಿಕೆ ತೋಟ. ಎಲೆಚುಕ್ಕೆ ರೋಗ ಒಂದು ಕಡೆ, ಕೊಳೆ ಇನ್ನೊಂದು ಕಡೆ, ಔಷಧಿ ಹೊಡೆಯಲು ಜನ ಇಲ್ಲ. ಈಗ ಪಾನ್ ಮಸಾಲಾದ ಮೇಲೂ ಹೊಸ ಸೆಸ್. ಹೆಸರೇ ಆರೋಗ್ಯ ಭದ್ರತೆ ಮತ್ತು ರಾಷ್ಟ್ರೀಯ ಭದ್ರತೆ ಸೆಸ್. ಎಷ್ಟು ಮಾಲು ಮಾರಿದರು ಅಂತಲ್ಲ, ಕಾರ್ಖಾನೆಯಲ್ಲಿ ಮೆಷಿನ್ನು ಎಷ್ಟು, ಅದರ ತಾಕತ್ತು ಎಷ್ಟು ಅಂತ ನೋಡಿ ಹಾಕುತ್ತಾರೆ. ಆ ಮೆಷಿನ್ನಿಗೆ ಹೋಗುವುದು ನಮ್ಮ ಅಡಿಕೆ. ಕಂಪನಿಯವನು ಸೆಸ್ ತನ್ನ ಜೇಬಿನಿಂದ ಕಟ್ಟುತ್ತಾನಾ? ಖರೀದಿ ದರದಲ್ಲಿ ಹಿಡಿಯುತ್ತಾನೆ. ಹಾಗಾಗಿ ಆರೋಗ್ಯ ತೆರಿಗೆ ಅಂದ ಕೂಡಲೇ ಚಪ್ಪಾಳೆ ತಟ್ಟಲು ನಮಗೆ ಕೈ ಬರುವುದಿಲ್ಲ.

ತಂಬಾಕಿಗೆ ಹಾಕಿ, ಎಷ್ಟು ಬೇಕಾದರೂ ಹಾಕಿ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತಲ್ಲ, ಏನಾಯಿತು? ಒಂದು ಸ್ಯಾಚೆ ಎರಡಾಯಿತು. ಪಾನ್ ಮಸಾಲಾ ಒಂದು, ತಂಬಾಕು ಇನ್ನೊಂದು. ಅಂಗಡಿಯವನು ಎರಡನ್ನೂ ಒಟ್ಟಿಗೇ ಹರಿದು ಕೊಡುತ್ತಾನೆ. ತಪ್ಪು ಅಡಿಕೆಯದ್ದಾ?

ಒಂದು ಊರಿನ ಆರೋಗ್ಯ ಕಾರ್ಯಕರ್ತೆ, ಹೊಸನಗರ ಕಡೆ:

ಅಣ್ಣಾ, ನಮ್ಮ ಮನೆಯಲ್ಲೂ ತೋಟ ಇದೆ, ಅಡಿಕೆ ದುಡ್ಡಿನಲ್ಲೇ ಓದಿದವಳು ನಾನು. ಆದರೆ ಬಾಯಿ ಬಿಗಿದುಕೊಳ್ಳುವ ಕಾಯಿಲೆ ತಂಬಾಕಿಲ್ಲದ ಅಡಿಕೆಯಿಂದಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಇರುವ ಗುಂಪಿಗೇ. ಬೆಳೆಗಾರರ ಸಂಘಗಳು ಒಪ್ಪುವುದಿಲ್ಲ, ಅದೂ ಗೊತ್ತು. ನಾನು ಬಾಯಿ ನೋಡುವವಳು, ಕಂಡದ್ದನ್ನು ಇಲ್ಲ ಅನ್ನಲಾರೆ.

ತುಂಗೆ ದಡದವ, ತೀರ್ಥಹಳ್ಳಿ:

ಅಡಿಕೆಗೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಶುರುವಾದರೆ ಬೆಳಗಾಗುತ್ತದೆ. ಲೆಕ್ಕದ ಸಾರ್, ಒಂದು ಪ್ರಶ್ನೆ. ಎತ್ತಿಟ್ಟ ದುಡ್ಡು ಸರಿಯಾಗಿ ತಲುಪಿದ ಒಂದಾದರೂ ಉದಾಹರಣೆ ಇಲ್ಲವಾ? ಎಲ್ಲ ಕಡೆ ಹೀಗೇನಾ?

ಬೀಡಿ ಮನೆ, ಭದ್ರಾವತಿ:

ಸಾರ್ ಉತ್ತರ ಕೊಡುವ ಮೊದಲು ನಾನು ಒಂದು ಹೇಳುತ್ತೇನೆ, ಯಾಕೆಂದರೆ ಉದಾಹರಣೆ ಬೀಡಿಯಲ್ಲೇ ಇತ್ತು.

ನಮ್ಮಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದ್ದು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಅಂತ ಕಾನೂನು ಬಂತು. ತಯಾರಾದ ಬೀಡಿಯ ಮೇಲೆ ಸಣ್ಣ ಸೆಸ್, ಆ ದುಡ್ಡು ಬೀಡಿ ಕಟ್ಟುವವರಿಗೇ ಅಂತ ಮೀಸಲು. ಕಾರ್ಮಿಕರಿಗೆ ಆಸ್ಪತ್ರೆ, ಡಿಸ್ಪೆನ್ಸರಿ, ಮಕ್ಕಳಿಗೆ ಸ್ಕಾಲರ್‌ಶಿಪ್ಪು, ಮನೆ ಕಟ್ಟಲು ಸಹಾಯ. ನನ್ನ ಹೈಸ್ಕೂಲಿನ ನೋಟ್‌ಬುಕ್ಕು, ಯೂನಿಫಾರಂ ಆ ಸ್ಕಾಲರ್‌ಶಿಪ್ಪಿನದ್ದು. ಲೇಟಾಗಿ ಬರುತ್ತಿತ್ತು, ಅಮ್ಮನ ಗುರುತಿನ ಚೀಟಿಗೆ ಅಲೆದಾಟ ಇತ್ತು, ಆದರೆ ಬರುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬರುವಾಗ ಈ ಸೆಸ್ಸನ್ನೇ ತೆಗೆದು ಹಾಕಿದರು. ಈಗ ಕಾರ್ಮಿಕರ ಕಲ್ಯಾಣಕ್ಕೆ ಬಜೆಟ್ಟಿನಲ್ಲಿ ಎಷ್ಟು ಕೊಟ್ಟರೆ ಅಷ್ಟು.

ಅಕ್ಕ, ಬೀಡಿ ತೆರಿಗೆ ಇಳಿಸಿದ್ದಕ್ಕೆ ನಿಮಗೆ ಸಿಟ್ಟು ಬಂತಲ್ಲ, ನನಗೂ ಅದು ನ್ಯಾಯ ಅಂತ ಅನ್ನಿಸುವುದಿಲ್ಲ. ಅದರಿಂದ ಸಾವಿರ ಬೀಡಿಗೆ ಕೂಲಿ ಏರಿತಾ? ಇಲ್ಲ. ಕಟ್ಟುವವರ ಹೆಸರು ಹೇಳಿ ತೆರಿಗೆ ಇಳಿಸುತ್ತಾರೆ, ಲಾಭ ಎಲ್ಲಿ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಏರಿಸುವುದಾದರೆ ಮೊದಲು ಬೀಡಿ ಕಟ್ಟುವ ಹೆಂಗಸರಿಗೆ ಬೇರೆ ಕೆಲಸ ಏನು ಅಂತ ಹೇಳಿ. ಅಮ್ಮನ ಬೆರಳು, ಬೆನ್ನು, ಕೆಮ್ಮು, ಇದೂ ಸಾರ್ವಜನಿಕ ಆರೋಗ್ಯವೇ ತಾನೇ.

ಲೆಕ್ಕದ ಪುಸ್ತಕ, ಶಿವಮೊಗ್ಗ:

ಬೀಡಿ ಸೆಸ್ ನೆನಪು ಮಾಡಿದ್ದಕ್ಕೆ ಧನ್ಯವಾದ. ಅದು ನಡೆದದ್ದು ಯಾಕೆ ಅಂದರೆ ಕೇಳುವ ಜನ ಇದ್ದರು. ಗುರುತಿನ ಚೀಟಿ ಇತ್ತು, ಯೂನಿಯನ್ ಇತ್ತು, ಈ ವರ್ಷ ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಬಾಗಿಲು ತಟ್ಟುವವರು ಇದ್ದರು. ಸಿಗರೇಟು ಸೇದುವವರ ಸಂಘ ಎಲ್ಲಾದರೂ ಕೇಳಿದ್ದೀರಾ?

ಹೊರಗಿನ ಉದಾಹರಣೆ ಬೇಕಾದರೆ ಫಿಲಿಪ್ಪೀನ್ಸ್ ನೋಡಿ. ಅವರು 2012ರ ಕೊನೆಯಲ್ಲಿ ತಂಬಾಕು ಮತ್ತು ಮದ್ಯದ ತೆರಿಗೆ ಏರಿಸುವ ಕಾನೂನು ಮಾಡಿದರು. ಹೆಚ್ಚುವರಿಯಾಗಿ ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಬಡವರ ಆರೋಗ್ಯ ವಿಮೆಗೆ, ಒಂದು ಪಾಲು ತಂಬಾಕು ಬೆಳೆಯುವ ಪ್ರದೇಶದ ರೈತರಿಗೆ ಅಂತ ಕಾನೂನಿನಲ್ಲೇ ಬರೆದರು. ಥಾಯ್ಲೆಂಡಿನಲ್ಲಿ 2001ರಿಂದ ತಂಬಾಕು ಮತ್ತು ಮದ್ಯದ ತೆರಿಗೆಯ ಮೇಲೆ ಶೇ. 2 ಹೆಚ್ಚುವರಿ ಹಾಕಿ ನೇರವಾಗಿ ಒಂದು ಆರೋಗ್ಯ ಪ್ರತಿಷ್ಠಾನಕ್ಕೆ ಕೊಡುತ್ತಾರೆ. ಬಜೆಟ್ಟಿನ ಗಂಟಿಗೆ ಬೀಳುವುದೇ ಇಲ್ಲ. ಅಂದರೆ ಆಗದ ಕೆಲಸ ಅಲ್ಲ.

ಇಲ್ಲಿಯದು ಹೇಳುವುದಾದರೆ, ತಂಬಾಕಿನ ಕಾಯಿಲೆ ಮತ್ತು ಸಾವಿನಿಂದ ದೇಶಕ್ಕೆ 2017-18ರಲ್ಲಿ ಆದ ನಷ್ಟ 1.77 ಲಕ್ಷ ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದ್ದಾರೆ. ದೇಶದ ಒಟ್ಟು ಉತ್ಪನ್ನದ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ. ತಂಬಾಕಿನಿಂದ ಬರುವ ತೆರಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಸೇದುವವರ ದುಡ್ಡಿನಲ್ಲೇ ಆಸ್ಪತ್ರೆ ನಡೆಸಬಹುದು ಅನ್ನುವ ಲೆಕ್ಕ ಕೂಡುವುದಿಲ್ಲ. ಇನ್ನೂ ಒಂದು ತೊಡಕು ಇದೆ. ತೆರಿಗೆ ಕೆಲಸ ಮಾಡಿದರೆ ಸೇದುವವರು ಕಮ್ಮಿ ಆಗುತ್ತಾರೆ, ದುಡ್ಡೂ ನಿಧಾನಕ್ಕೆ ಕಮ್ಮಿ ಆಗುತ್ತದೆ. ಆ ದುಡ್ಡನ್ನೇ ನಂಬಿ ಡಾಕ್ಟರ ಸಂಬಳ ಇಟ್ಟರೆ, ಜನ ಸೇದುತ್ತಲೇ ಇರಲಿ ಅಂತ ಇಲಾಖೆಯೇ ಬಯಸುವ ಹಾಗಾಗುತ್ತದೆ. ನನ್ನ ಮಟ್ಟಿಗೆ ತೆರಿಗೆ ಏರಿಸುವುದು ಬಿಡಿಸಲಿಕ್ಕೆ. ಆಸ್ಪತ್ರೆಗೆ ದುಡ್ಡು ಬಜೆಟ್ಟಿನಿಂದಲೇ ಬರಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ರೊಳಗೆ ಜಿಡಿಪಿಯ ಶೇ. 2.5 ಆರೋಗ್ಯಕ್ಕೆ ಅಂತ ಬರೆದಿದ್ದಾರೆ. 2025 ಮುಗಿದು ಹೋಯಿತು. ಅದನ್ನು ಕೇಳಿ.

ಗೊರಬಲು, ಸಾಗರ:

ಇದನ್ನು ಒಪ್ಪುತ್ತೇನೆ. ಮಂಗನ ಕಾಯಿಲೆ ನೋಡಿ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಯಿತು, ನಮ್ಮ ಜಿಲ್ಲೆಯ ಆ ಕಾಡಿನ ಹೆಸರಿನಲ್ಲೇ ಪ್ರಪಂಚಕ್ಕೆ ಗೊತ್ತು. 2019ರ ಹೊತ್ತಿಗೆ ಅರಲಗೋಡಿನಲ್ಲಿ ಜನ ಸತ್ತರು. ಇದ್ದ ಲಸಿಕೆ ಪರಿಣಾಮ ಸಾಲದು ಅಂತ 2022ರಲ್ಲಿ ನಿಂತುಹೋಯಿತು. ಈಗಲೂ ತೋಟಕ್ಕೆ ಹೋಗುವ ಮೊದಲು ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಡೆಪಾ ಎಣ್ಣೆ ಬಳಿದುಕೊಳ್ಳುತ್ತೇವೆ. ಉಣುಗು ಯಾವ ತೆರಿಗೆ ಕಟ್ಟುತ್ತದೆ? ಯಾವುದರ ಮೇಲೆ ಸೆಸ್ ಹಾಕಿ ಇದಕ್ಕೆ ದುಡ್ಡು ತರುತ್ತಾರೆ?

ಗೂಡಂಗಡಿ, ರಿಪ್ಪನ್‌ಪೇಟೆ:

ಒಂದು ಕೇಳಬೇಕಿತ್ತು ಅಕ್ಕ. ನನ್ನ ಅಂಗಡಿಗೆ ಬರುವ ಒಬ್ಬರು ಬಿಡಬೇಕು ಅಂತಿದ್ದಾರೆ. ರೇಟಿನಿಂದಲೇ ಅನ್ನಿ. ಎರಡು ದಿನ ಬಿಡುತ್ತಾರೆ, ಮೂರನೇ ದಿನ ಬಂದು ನಿಲ್ಲುತ್ತಾರೆ. ಇಂಥವರಿಗೆ ಏನಾದರೂ ಇದೆಯಾ? ಮಾರುವವನೇ ಕೇಳುತ್ತಿದ್ದಾನೆ ಅಂತ ನಗಬೇಡಿ.

ಒಂದು ಊರಿನ ಆರೋಗ್ಯ ಕಾರ್ಯಕರ್ತೆ, ಹೊಸನಗರ ಕಡೆ:

ಯಾಕೆ ನಗಲಿ. 1800 11 2356, ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ದುಡ್ಡಿಲ್ಲ. ಮೊದಲ ಮೂರು ನಾಲ್ಕು ದಿನ ತುಂಬಾ ಕಷ್ಟ ಅಂತ ಅವರಿಗೆ ಮೊದಲೇ ಹೇಳಿ, ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ, ಅದು ಮಾಮೂಲು. ಜಿಲ್ಲಾ ಆಸ್ಪತ್ರೆಯಲ್ಲೂ ತಂಬಾಕು ಬಿಡಿಸುವ ಕೇಂದ್ರ ಇರುತ್ತದೆ, ಸಲಹೆ ಉಚಿತ.

ಗೂಡಂಗಡಿ, ರಿಪ್ಪನ್‌ಪೇಟೆ:

ಕನ್ನಡದಲ್ಲಿ ಮಾತಾಡುತ್ತಾರಾ? ಅವರಿಗೆ ಹಿಂದಿ ಬರುವುದಿಲ್ಲ.

ಒಂದು ಊರಿನ ಆರೋಗ್ಯ ಕಾರ್ಯಕರ್ತೆ, ಹೊಸನಗರ ಕಡೆ:

ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಕೇಂದ್ರ ಇದೆ, ಕನ್ನಡದವರು ಸಿಗುತ್ತಾರೆ. ನಂಬರು ಒಂದು ಕಾಗದದಲ್ಲಿ ಬರೆದು ಅಂಗಡಿಯಲ್ಲೇ ಅಂಟಿಸಿ, ಅಣ್ಣ.